ಹೊಳೆಗೆ ಹಾಕಿದ ಸೌದೆ

ಕುಂಬಾರಗಿತ್ತಿಯ ಮನೆಯಲ್ಲಿ ಸೌದೆ ಇರಲಿಲ್ಲ. ಸುಡಬೇಕಾದ ಎಂಬತ್ತು ಮಡಕೆಗಳು ಚಪ್ಪರದಡಿ ಸಾಲಾಗಿ ಕೂತು ಅವಳ ಮುಖ ನೋಡುತ್ತಿದ್ದವು. ಆವಿಗೆಗೆ ಬೆಂಕಿ ಬೀಳದಿದ್ದರೆ ಸೋಮವಾರ ಬರುವ ಅಂಗಡಿಯವನು ಬರಿಗೈಲಿ ಹೋಗುತ್ತಾನೆ. ಹೋದವನು ಪ್ಲಾಸ್ಟಿಕ್ಕಿನವರ ಪಾಲು.

ಗುರುವಾರ ಮಧ್ಯಾಹ್ನ ಅತ್ತೆ ಏದುಸಿರು ಬಿಡುತ್ತ ಓಡಿಬಂದಳು.

“ಏಳೇ, ಏಳು! ಸೇತುವೆ ಹತ್ರ ರಸ್ತೆ ಅಗಲ ಮಾಡೋಕೆ ಕಡಿದ ಮರ ರಾಶಿ ಬಿದ್ದಿದೆ. ಯಾರು ಬೇಕಾದ್ರೂ ಒಯ್ಯಬಹುದಂತೆ, ಪುಕ್ಕಟೆ!”

“ಯಾರು ಹೇಳಿದ್ರು ಅತ್ತೆ?”

“ಮೇಸ್ತ್ರೀನೇ ಹೇಳಿದ. ಸಂಜೆಗೆ ಯಂತ್ರ ಬಂದು ಉಳಿದದ್ದನ್ನೆಲ್ಲ ಮಣ್ಣಲ್ಲಿ ಮುಚ್ಚುತ್ತಂತೆ.”

ಸೇತುವೆ ಎರಡು ಮೈಲಿ. ಗಾಡಿಯಿಲ್ಲ. ಆದರೆ ಸೇತುವೆಯಡಿಯ ಹೊಳೆ ಇವರ ಹಿತ್ತಿಲಿಗೇ ಬರುತ್ತಿತ್ತು. ಅದು ತೇಲಿಸಿ ತಂದ ಮರವನ್ನು ಕೊಕ್ಕೆಯಿಂದ ಎಳೆದು ಒಣಗಿಸಿಯೇ ಇವರ ಆವಿಗೆ ಇಷ್ಟು ವರ್ಷ ಉರಿದದ್ದು. ಹೊಳೆಗೆ ಬಿದ್ದ ಮರ ಮನೆಗೆ ಬರುತ್ತದೆ. ಇದರಲ್ಲಿ ಅತ್ತೆ ಸೊಸೆ ಇಬ್ಬರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ.

“ನೀವು ಕೊಕ್ಕೆ ಹಿಡಿದು ಹಿತ್ತಿಲಲ್ಲಿ ನಿಲ್ಲಿ. ನಾನು ಮೇಲಿಂದ ಬಿಡ್ತೀನಿ.”

“ನಿಧಾನಕ್ಕೆ ಬಿಡೇ. ನನಗಿರೋದು ಎರಡೇ ಕೈ.”

ರಾಶಿ ಕಂಡದ್ದೇ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಲಿದ್ದ ಏಳು ಹಗುರ ಕೊಂಬೆಗಳನ್ನು ಎಳೆದು ಎಸೆದಳು. ಏಳೂ ಕುಣಿಯುತ್ತ ಹೊರಟವು. ಅಡಿಯಲ್ಲಿತ್ತು ನಿಜವಾದ ನಿಧಿ: ಎರಡು ತಿಂಗಳ ಬಿಸಿಲು ಕುಡಿದ ಗಟ್ಟಿ ಮರದ ತುಂಡುಗಳು. ಎತ್ತಿದರೆ ಸೊಂಟ ಕಳಚುವಷ್ಟು ಭಾರ. ಭಾರವಾದಷ್ಟೂ ಅವಳಿಗೆ ಖುಷಿ. ಇಂಥದ್ದರ ಕೆಂಡ ಬೇಗ ಆರುವುದಿಲ್ಲ.

“ಅಕ್ಕಾ, ಸೌದೇನ ಹೊಳೆಗ್ಯಾಕೆ ಹಾಕ್ತಿದ್ದೀಯ?” ಎಂದ ಮೇಸ್ತ್ರಿ.

“ಹೊಳೆ ನಮ್ಮನೆ ಆಳು ಕಣಣ್ಣ. ಕೂಲಿ ಕೇಳಲ್ಲ!”

ಅವನು ನಕ್ಕು ಹೋದ. ಬಗ್ಗಿ ಹೊಳೆ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಉರುಳಿಸು, ಧುಡುಂ, ಮತ್ತೊಂದು. ಅಂಗೈ ಸುಲಿಯಿತು, ತೋಳಿನ ಬಟ್ಟೆ ಹರಿಯಿತು. ಮೂವತ್ತಮೂರು ಉರುಳಿಸುವಷ್ಟರಲ್ಲಿ ಯಂತ್ರ ಬಂತು. ಇದ್ದುದರಲ್ಲಿ ಚಿಕ್ಕದೊಂದನ್ನು ಹೆಗಲಿಗೇರಿಸಿ, ಆವಿಗೆ ತುಂಬಿ ಇನ್ನೂ ಮಿಗುತ್ತದೆ ಎಂದು ಲೆಕ್ಕ ಹಾಕುತ್ತ ದಡದ ದಾರಿಯಲ್ಲಿ ಓಡಿದಳು.

ಹಿತ್ತಿಲಲ್ಲಿ ಅತ್ತೆ ಕೊಕ್ಕೆಯೂರಿ ಕೂತಿದ್ದಳು. ಪಕ್ಕದಲ್ಲಿ ಏಳು ಕೊಂಬೆ.

“ಉಳಿದದ್ದೆಲ್ಲಿ ಅತ್ತೆ?”

“ಯಾವ ಉಳಿದದ್ದು? ನೀನು ಅಲ್ಲೇ ಮಲಗಿಬಿಟ್ಟೆ ಅಂದ್ಕೊಂಡೆ.”

“ಬರ್ತಾ ಇರುತ್ತೆ. ಎಂಥ ಮರ ಅಂತೀರಿ! ಹೇಗೆ ಹೋಗುತ್ತೆ ನೋಡಿ!” ಎಂದು ಹೆಗಲಿನ ತುಂಡನ್ನೂ ನೀರಿಗೆ ಬಿಟ್ಟಳು.

ಅದು ಕಲ್ಲಿನಂತೆ ಸೀದಾ ತಳಕ್ಕಿಳಿಯಿತು. ಎರಡು ಗುಳ್ಳೆ ಬಂದವು.

“ಅಯ್ಯೋ ಮಾರಾಯ್ತಿ,” ಎಂದಳು ಅತ್ತೆ, “ಕೈಲಿದ್ದದ್ದನ್ನಾದ್ರೂ ಇಟ್ಕೋಬಾರದಿತ್ತಾ!”

ಈವರೆಗೆ ಇವರ ಹಿತ್ತಿಲಿಗೆ ಬಂದದ್ದೆಲ್ಲ ತೇಲುವ ಮರ. ಮುಳುಗುವ ಮರ ಇಲ್ಲಿಗೆ ಬಂದೇ ಇರಲಿಲ್ಲ. ಹಾಗಾಗಿ ಅಂಥದ್ದೊಂದು ಇದೆಯೆಂದೂ ಇವರಿಗೆ ಗೊತ್ತಿರಲಿಲ್ಲ.

ಸೇತುವೆಯ ಕೆಳಗಿನ ಆಳದ ಮಡುವಿನಲ್ಲಿ ಮೂವತ್ತಮೂರು ತುಂಡು, ಹಿತ್ತಿಲ ನೀರಿನ ತಳದಲ್ಲಿ ಒಂದು. ಅವುಗಳ ಜೊತೆಗೇ ಮುಳುಗಿದ ಸೋಮವಾರದ ಗಿರಾಕಿ ಒಬ್ಬ.