ಖಂಡ, ಕಂದ, ಕ್ಯಾಂಡಿ

ತವೆಯ ಮೇಲಿನ ರೊಟ್ಟಿಯ ಅಂಚು ಕಪ್ಪಾಗುತ್ತಿದೆ, ತಿರುವಬೇಕು, ಆದರೆ ಸೀತೆ ಪಾಟಿಚೀಲವನ್ನು ಹೋದ ವರ್ಷ ತೂಗುಹಾಕಿದ ಬುದ್ಧನ ಪಟದ ಕೆಳಗಿಟ್ಟು, ನಾ ಇವತ್ತೂ ಸಾಲಿಗಿ ಹೋಗೂದಿಲ್ಲ ಬೇ ಅಂದಳು, ನಾಲ್ಕನೆಯ ದಿನ ಇದು, ಚಂದ್ರಾಬಾಯಿ ತವೆ ಇಳಿಸಿದಳು, ಒಂದು ರೊಟ್ಟಿ ಸುಟ್ಟರೆ ಸುಡಲಿ, ಮಗಳು ಮನೆಯಲ್ಲಿ ಕೂತರೆ ಕೂತೇ ಬಿಡುತ್ತಾಳೆ — ತವರೂರು ಬಿಜ್ಜರಗಿಯಲ್ಲಿ ತಾನು ಸಾಲಿ ಬಿಟ್ಟು ಕೂತ ಹಾಗೆ. ನಡಿ, ನಾನೂ ಬರ್ತೀನಿ. ಜೋರಾಪುರ ಪೇಟೆಯ ಓಣಿ ಇನ್ನೂ ತಂಪಾಗಿದೆ, ಮಗಳ ಕೈಯೂ ತಂಪು, ಆಗಸ್ಟ್ ಹದಿನೈದಕ್ಕೆ ಮಾಸ್ತರರು ಬಣ್ಣದ ಸಕ್ಕರೆ ಗೋಳಿ ಹಂಚಿದರಂತೆ, ಇದಕ್ಕ ಕ್ಯಾಂಡಿ ಅಂತಾರ, ಬಿಳಿ ಸಾಹೇಬರ ಮಾತಿದು, ನಿಮ್ಮ ತಲೀಗಿ ಹತ್ತೂದಿಲ್ಲ ಅಂದರಂತೆ, ಉಳಿದವರ ಅಂಗೈಯಲ್ಲಿಟ್ಟರು, ಸೀತೆಯ ಅಂಗೈಗೆ ಮಾತ್ರ ಎರಡು ಬೆರಳಲ್ಲಿ ಹಿಡಿದು ಮೊಳ ಎತ್ತರದಿಂದ ಬಿಟ್ಟರು — ಕೆಂಪು ಗೋಳಿ ಪುಟಿದು ಮಣ್ಣಿಗೆ ಬಿತ್ತು. ಆ ಎರಡು ಬೆರಳು. ಚಂದ್ರಾಬಾಯಿಗೆ ಅವು ಹೊಸವಲ್ಲ, ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ, ಮುಟ್ಟದೆ ಮೇಲಿನಿಂದಲೇ ಬಿಡುವ ಬೆರಳು, ಅದರ ಮಾತು ಬೇಡ, ಅದನ್ನೆತ್ತಿದರೆ ಹಾಜರಿಯಿಂದ ಹೆಸರೇ ಹೋದೀತು, ಕ್ಯಾಂಡಿ ಅನ್ನುವ ಶಬ್ದದ ಮಾತು ಕೇಳಬಹುದು, ಶಬ್ದ ಕೇಳುವುದಕ್ಕೇ ತಾನೇ ಸಾಲಿ. ನಿನ್ನೆ ಗುಲ್ಕಂದ ಮಾಡಿ ಮಾರುವ ಮುದುಕಿ ಸುಗರಾಬಿಯ ಅಂಗಳದಲ್ಲಿ ಗುಲಾಬಿ ಪಕಳೆ ಬಿಡಿಸುತ್ತ ಕೇಳಿದಾಗ ಅವಳು ನಕ್ಕಳು, ಸಾಹೇಬರದೆಂಥಾದ್ದ ಬೇ, ಗುಲ್ ಅಂದ್ರ ಗುಲಾಬಿ, ಕಂದ ಅಂದ್ರ ಸಕ್ಕರಿ, ಫಾರ್ಸಿ ಮಾತು, ಅದಕ್ಕೂ ಮೊದಲ ನಿಮ್ಮ ಸಂಸ್ಕೃತದಾಗ ಖಂಡ, ಸಕ್ಕರಿ ತುಂಡು, ಇಲ್ಲಿಂದ ಇರಾಣಕ್ಕ, ಅರಬರ ಕಡೆ, ಆಮ್ಯಾಲ ಸಾಹೇಬರ ಬಾಯಾಗ ಕ್ಯಾಂಡಿ ಆತು, ನಮ್ಮಪ್ಪ ಮದರಸಾದಾಗ ಕಲಿಸ್ತಿದ್ದ. ನಿಮ್ಮ ಸಂಸ್ಕೃತವಂತೆ — ತನ್ನ ಅಜ್ಜನ ಕಿವಿಗೂ ಬೀಳಗೊಡದ ಮಾತು ಯಾವಾಗ ತನ್ನದಾಯಿತೋ, ಆದರೂ ಬಿಡಬಾರದು, ಎಷ್ಟು ಮಂದಿಯ ನಾಲಿಗೆಯ ಮೇಲೆ ಉರುಳಿ ಬಂದದ್ದು, ಇನ್ನು ತನ್ನ ಮಗಳ ನಾಲಿಗೆಗೂ ಬರಲಿ. ಕೈ ಎತ್ತು, ಸರ ಅನ್ನು, ಕ್ಯಾಂಡಿ ಖಂಡದಿಂದ ಬಂದದ್ದೇನ್ರಿ ಅನ್ನು, ಅಷ್ಟ ಸಾಕವ್ವ. ಸೀತೆ ಸಾಲಿಯ ಬಾಗಿಲಲ್ಲಿ ಕೈ ಬಿಡಿಸಿಕೊಂಡು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು, ಚಂದ್ರಾಬಾಯಿ ಹೊಸ್ತಿಲ ಹೊರಗೆ, ಕೈಯಲ್ಲಿ ಹಿಟ್ಟು ಒಣಗಿ ಬಿರಿಯುತ್ತಿದೆ, ಹೋಗುವುದಿಲ್ಲ, ಇವಳು ಕೇಳುವವರೆಗೆ ಇಲ್ಲಿಂದ ಕದಲುವುದಿಲ್ಲ, ಎತ್ತವ್ವ ಕೈ — ಎತ್ತಿದಳು, ಎದ್ದೂ ನಿಂತಳು, ಖಂಡ ಅನ್ನು, ತಾಯಿಯ ತುಟಿ ತಾನೇ ಆಡುತ್ತಿದೆ, ಖಂಡ, ಕಂದ, ಏನದು ಅಂತ ಮಾಸ್ತರರು ಹಲಗೆಯಿಂದ ತಿರುಗಿದರು, ಬರೆಯುವ ಖಡು ಹಿಡಿದ ಎರಡು ಬೆರಳು ಗಾಳಿಯಲ್ಲಿ, ಎರಡು ಬೆರಳು, ಅಲ್ಲೇ —

ಸರ, ನನ್ನ ಕೈಯಾಗ ಯಾಕ ಇಡಲಿಲ್ರಿ?