ಚಿಕ್ಕ ರಿಪೇರಿ ಮೊದಲ ಸಾಲಿಗೆ ಬಂದದ್ದು

ಆ ಹೆಂಗಸು ನಿಂತಿದ್ದದ್ದು ಅವನ ಅಂಗಡಿಯ ಮೆಟ್ಟಿಲ ಮೇಲೆಯೇ. ಒಂದು ಕೈಯಲ್ಲಿ ಹೊಲಿಗೆ ಮೆಷಿನ್ನಿನ ಭಾರಕ್ಕೆ ಜಗ್ಗುತ್ತಿದ್ದ ಚೀಲ, ಇನ್ನೊಂದರಲ್ಲಿ ಫೋನು. "ಇಲ್ಲೆಲ್ಲೋ ಮೆಷಿನ್ ರಿಪೇರಿ ಮಾಡ್ತಾರಂತಲ್ಲ, ಎಲ್ಲಿ?" ಎಂದು ಕೇಳಿದಳು.

ಅವನು ಸ್ಕ್ರೂಡ್ರೈವರ್ ಹಿಡಿದ ಕೈಯನ್ನೇ ಎತ್ತಿ ತಲೆಯ ಮೇಲಿದ್ದ ಬೋರ್ಡು ತೋರಿಸಿದ. ಆಕೆ ಬೋರ್ಡು ನೋಡಿದಳು, ಫೋನು ನೋಡಿದಳು, ಹೊತ್ತು ಹೋಗದೆ ಅವನು ಮೂರನೇ ಸಲ ಬಿಚ್ಚಿ ಹರಡಿಕೊಂಡಿದ್ದ ತನ್ನ ಹೆಂಡತಿಯ ಮೆಷಿನ್ನನ್ನೂ ನೋಡಿದಳು. "ಇದ್ರಲ್ಲಿ ಇನ್ನೂ ಎರಡು ಬೀದಿ ಮುಂದೆ ಅಂತ ತೋರಿಸ್ತಿದೆ" ಎಂದು ಹೊರಟೇಬಿಟ್ಟಳು. ಕಣ್ಣೆದುರು ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ಕೂತ ಮನುಷ್ಯನನ್ನು ಬಿಟ್ಟು, ಅಂಗೈಯೊಳಗಿನ ನೀಲಿ ಚುಕ್ಕೆಯನ್ನು ನಂಬಿದಳು. ಎಂಥಾ ಕಾಲ ಬಂತಪ್ಪಾ!

ಎರಡು ಬೀದಿ ಮುಂದಿನ ಆ ಅಂಗಡಿ ಅವನ ಸ್ವಂತ ಅಣ್ಣನದು. ಜನ ಅಣ್ಣನನ್ನು ದೊಡ್ಡ ರಿಪೇರಿ ಎಂದೂ ಇವನನ್ನು ಚಿಕ್ಕ ರಿಪೇರಿ ಎಂದೂ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಅಪ್ಪನ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಕೂತವರು ಬೇರೆಯಾದದ್ದು ಒಂದು ಮಾತಿಗೆ. ಗಿರಾಕಿಗಳು ತುಂಬಿದ್ದ ಒಂದು ಬೆಳಗ್ಗೆ ಅಣ್ಣ, "ಇವನ ಕೈಗೆ ಕೊಟ್ಟ ಮೆಷಿನ್ನು ಎಂಟು ದಿನಕ್ಕೆ ನನ್ನ ಕೈಗೆ ಬಂದೇ ಬರುತ್ತೆ" ಎಂದು ನಕ್ಕ. ಗಿರಾಕಿಗಳೂ ನಕ್ಕರು. ಚಿಕ್ಕ ರಿಪೇರಿ ಮಾತ್ರ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಲಕರಣೆಯನ್ನೆಲ್ಲ ಗಂಟು ಕಟ್ಟಿಕೊಂಡು ಎದ್ದ. ಅಣ್ಣ ತಡೆದನೇ? "ಹೋಗೋದಾದ್ರೆ ಬಾಗಿಲು ಎಳ್ಕೊಂಡು ಹೋಗು, ಧೂಳು ಬರುತ್ತೆ" ಅಂದ. ಅಬ್ಬಾ, ಅದೇನು ಪ್ರೀತಿ!

ಎಲ್ಲವನ್ನೂ ಪಾಲು ಮಾಡಿಕೊಂಡರು, ಅಪ್ಪನ ಹೆಸರಿನ ಬೋರ್ಡನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಹಾಗಾಗಿ ಚಿಕ್ಕವನು ಅದೇ ಪೇಂಟರನ್ನು ಹಿಡಿದು, ಅದೇ ಹಸಿರು ಬಣ್ಣದಲ್ಲಿ, ಅದೇ ಹೆಸರಿನ ಬೋರ್ಡು ಬರೆಸಿದ. ಕೆಳಗೆ ಅದೇ ಹಳೆಯ ಮನೆಯ ಫೋನ್ ನಂಬರು. ಆ ಫೋನು ಇದ್ದದ್ದು ದೊಡ್ಡವನ ಮನೆಯಲ್ಲಿ, ಅಮ್ಮನ ಮಂಚದ ಪಕ್ಕ. ಎತ್ತುವವಳು ಅಮ್ಮ. ಒಂದು ಕರೆ ಬಂದರೆ ದೊಡ್ಡವನ ಅಂಗಡಿಗೆ ದಾರಿ ಹೇಳುವಳು, ಮುಂದಿನದಕ್ಕೆ ಚಿಕ್ಕವನ ಅಂಗಡಿಗೆ. ಸರದಿ ಮರೆಯದಿರಲೆಂದು ಮೆಷಿನ್ನಿನ ದಾರ ಸುತ್ತುವ ಒಂದು ಖಾಲಿ ಬಾಬಿನ್ ಇಟ್ಟುಕೊಂಡಿದ್ದಳು. ಅದು ಫೋನಿನ ಎಡಕ್ಕಿದ್ದರೆ ದೊಡ್ಡವನ ಸರದಿ, ಬಲಕ್ಕಿದ್ದರೆ ಚಿಕ್ಕವನದು. ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರೂ ಆ ಬಾಬಿನ್ನಿನ ತೀರ್ಪನ್ನು ಒಂದು ದಿನವೂ ಪ್ರಶ್ನಿಸಿದವರಲ್ಲ.

ಆದರೆ ಬರಬರುತ್ತ ಹೆಚ್ಚಿನವರು ಕರೆ ಮಾಡುವುದನ್ನೇ ಬಿಟ್ಟರು. ಫೋನಿನಲ್ಲಿ ಹುಡುಕುವುದು, ಅದು ತೋರಿಸಿದತ್ತ ನಡೆಯುವುದು. ಅದು ತೋರಿಸುತ್ತಿದ್ದದ್ದು ದೊಡ್ಡವನ ಅಂಗಡಿಯನ್ನು. ಚಿಕ್ಕವನ ಅಂಗಡಿ ಇನ್ನೆರಡು ತಿಂಗಳು ಹೀಗೇ ನಡೆದರೆ ಮುಚ್ಚುವುದೇ ಗತಿ. ಮುಚ್ಚಿದರೆ ಅಣ್ಣನ ಮಾತೇ ನಿಜವಾಯಿತಲ್ಲ! ಗಿರಾಕಿ ಬರಲಿ ಎಂಬ ಆಸೆ ಇದ್ದೇ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಿದ್ದದ್ದು ಅಣ್ಣ ಒಂದೇ ಒಂದು ಸಲ ಬಾಯಿಬಿಟ್ಟು "ನಿನ್ನ ಕೈ ಚೆನ್ನಾಗಿದೆ ಕಣೋ" ಅನ್ನುವುದು. ಅದೊಂದಕ್ಕಾಗಿ ಅವನು ಏನು ಮಾಡಲೂ ಸಿದ್ಧನಿದ್ದ, ಹೆಂಡತಿಯ ತಮ್ಮನ ಮಾತು ಕೇಳುವುದಕ್ಕೂ.

ಈ ಭಾಮೈದ ಸಾಮಾನ್ಯನಲ್ಲ. ಎರಡು ದಿನದ ಆನ್‌ಲೈನ್ ತರಗತಿ ಮುಗಿಸಿ, ಸಣ್ಣ ವ್ಯಾಪಾರಗಳನ್ನು ಉದ್ಧಾರ ಮಾಡಲೆಂದೇ ಹುಟ್ಟಿದವನಂತೆ ಓಡಾಡುತ್ತಿದ್ದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಯೂ ಆಗಿತ್ತು. ರಜೆಯ ದಿನ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪಾಠ ಶುರುಮಾಡಿದ.

"ಭಾವ, ನಿಮ್ಮ ಕೆಲಸ ಹೇಗಿದೆ ಅಂತ ಯಾರಿಗೆ ಬೇಕು? ಮೊದಲನೇ ಪುಟದಲ್ಲಿ ಇದೀರಾ, ಇಲ್ವಾ? ಎರಡನೇ ಪುಟದಲ್ಲಿದ್ರೆ ಸತ್ತ ಹಾಗೇ ಲೆಕ್ಕ."

"ನಾನು ಯಾವ ಪುಟದಲ್ಲಿದೀನಿ?"

"ನೀವು ಪುಸ್ತಕದಲ್ಲೇ ಇಲ್ಲ" ಎಂದ ಭಾಮೈದ ಸಂತೋಷದಿಂದ.

ಅಂಗಡಿಗೊಂದು ವೆಬ್‌ಸೈಟು ಎದ್ದಿತು. ಜನ ಹುಡುಕುವ ಪದ ಎಷ್ಟು ಸಲ ಬಂದರೆ ಅಷ್ಟು ಒಳ್ಳೆಯದೆಂದು ಭಾಮೈದ ಬರೆದದ್ದು ಹೀಗಿತ್ತು: 'ಹೊಲಿಗೆ ಮೆಷಿನ್ ರಿಪೇರಿ ಬೇಕೇ? ಉತ್ತಮ ಹೊಲಿಗೆ ಮೆಷಿನ್ ರಿಪೇರಿಗಾಗಿ ನಮ್ಮ ಹೊಲಿಗೆ ಮೆಷಿನ್ ರಿಪೇರಿ ಅಂಗಡಿಗೆ ಬನ್ನಿ. ಹೊಲಿಗೆ ಮೆಷಿನ್ ರಿಪೇರಿ ಎಂದರೆ ನಮ್ಮ ಹೊಲಿಗೆ ಮೆಷಿನ್ ರಿಪೇರಿ!'

ಹೆಂಡತಿ ಅದನ್ನು ಓದಿ ಸೌಟು ಹಿಡಿದುಕೊಂಡೇ ನಕ್ಕಳು. "ಇದೇನೋ ಇದು, ಬಿಕ್ಕಳಿಕೆ ಬಂದೋರು ಮಾತಾಡಿದ ಹಾಗಿದೆ!"

"ಅಕ್ಕ, ಇದು ತಂತ್ರ. ನಿನಗೆ ಅರ್ಥ ಆಗಲ್ಲ."

ತಂತ್ರ ಹುಡುಕಾಟದ ಯಂತ್ರಕ್ಕೂ ಅರ್ಥವಾಗಲಿಲ್ಲ. ಒಂದು ತಿಂಗಳಾದರೂ ಆ ಪುಟ ಯಾರ ಕಣ್ಣಿಗೂ ಬೀಳಲಿಲ್ಲ. ದಿನಕ್ಕೆ ಹತ್ತು ಸಲ ನೋಡುತ್ತಿದ್ದವನು ಚಿಕ್ಕ ರಿಪೇರಿ ಒಬ್ಬನೇ.

ಕೊನೆಗೆ ಕೈ ಹಾಕಿದವಳು ಹೆಂಡತಿ. ಅವಳು ಮನೆಯಲ್ಲೇ ಬಟ್ಟೆ ಹೊಲಿದುಕೊಡುವವಳು. ಮೆಷಿನ್ ಕೆಟ್ಟರೆ ಮನುಷ್ಯರಿಗೆ ಎಂಥ ಸಿಟ್ಟು ಬರುತ್ತದೆಂದು ಬಲ್ಲವಳು. "ಯಾರು ರೀ ಅಷ್ಟುದ್ದ ಬರೆದು ಹುಡುಕ್ತಾರೆ? ದಾರ ಕೆಳಗಡೆ ಯಾಕೆ ಗಂಟು ಕಟ್ತಿದೆ, ಸೂಜಿ ಯಾಕೆ ಪದೇ ಪದೇ ಮುರೀತಿದೆ, ಅಷ್ಟೇ ಕೇಳೋದು. ನೀವು ದಿನಾ ಬಾಯಲ್ಲಿ ಹೇಳೋದನ್ನೇ ಹೇಳಿ, ಬರ್ಕೊತೀನಿ" ಎಂದಳು. ಅವನು ಹೇಳಿದ, ಅವಳು ಬರೆದಳು. 'ದಾರ ಕೆಳಗೆ ಗಂಟು ಕಟ್ಟುತ್ತಿದ್ದರೆ ಬಾಬಿನ್ನನ್ನು ಬಯ್ಯಬೇಡಿ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಿಚ್ಚಿ, ಬಟ್ಟೆ ಒತ್ತುವ ಪಾದ ಎತ್ತಿ, ಮತ್ತೆ ಮೊದಲಿಂದ ಪೋಣಿಸಿ. ಆಗಲೂ ಗಂಟು ಕಟ್ಟಿದರೆ ತನ್ನಿ, ನೋಡೋಣ.' ಇಂಥವು ಇಪ್ಪತ್ತೆರಡಾದವು. ಕೆಲಸ ಮಾಡಿಸಿಕೊಂಡು ಹೋಗುವವರಿಗೆ, ಎರಡು ಸಾಲು ಅನಿಸಿಕೆ ಬರೆಯಿರೆಂದೂ ಅವಳೇ ಕೇಳಿದಳು.

ಮೂರು ವಾರಕ್ಕೆ ಪವಾಡವಾಯಿತು. ಹುಡುಕಿದರೆ ಮೊದಲ ಸಾಲಿನಲ್ಲೇ ಅಪ್ಪನ ಹೆಸರು, ಪಕ್ಕದಲ್ಲಿ ನಕ್ಷತ್ರಗಳು, ಕೆಳಗೆ ಹೊಗಳಿಕೆ. ಭಾಮೈದ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಗಿರಾಕಿಗಳು ಸಾಲುಗಟ್ಟಿದರು, ಅಣ್ಣನ ಅಂಗಡಿಯ ಮುಂದೆ!

ಒಂದೇ ಹೆಸರು, ಒಂದೇ ನಂಬರು, ಒಂದೇ ಕಸುಬು. ಎರಡೂ ಒಂದೇ ಅಂಗಡಿ ಎಂದು ಹುಡುಕಾಟದ ಯಂತ್ರ ಯಾವತ್ತೋ ತೀರ್ಮಾನಿಸಿ, ವಿಳಾಸ ಮಾತ್ರ ಹಳೆಯದನ್ನೇ ಇಟ್ಟುಕೊಂಡಿತ್ತು. ಬೆವರು ಇವನದು, ಬರಹ ಇವನ ಹೆಂಡತಿಯದು, ಹೊಗಳಿಕೆ ಇವನ ಕೆಲಸಕ್ಕೆ. ಫಲ ಅಣ್ಣನ ಮಡಿಲಿಗೆ. ಚಿಕ್ಕ ರಿಪೇರಿ ಅವತ್ತೇ ಭಾಮೈದನನ್ನು ಅಂಗಡಿಗೆ ಕರೆಸಿದ.

"ಇದು ಮೊದಲನೇ ದಿನದ ಪಾಠ ಭಾವ, ಹೆಸರು, ವಿಳಾಸ, ನಂಬರು ಪ್ರತಿ ಅಂಗಡಿಗೂ ಬೇರೆ ಬೇರೆ ಇರ್ಬೇಕು" ಎಂದ ಭಾಮೈದ. ಮೊದಲನೇ ದಿನ ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಮೊದಲನೇ ದಿನದ ತರಗತಿಗೆ ತಾನು ತಡವಾಗಿ ಹೋಗಿದ್ದೆ ಎಂದ.

"ಈಗೇನು ಮಾಡೋದು?"

"ನೀವು ಹೆಸರು ಬದಲಾಯಿಸಿ."

"ಅಪ್ಪನ ಹೆಸರು ಬಿಡೋಕಾಗಲ್ಲ."

"ಹಂಗಾದ್ರೆ ನಿಮ್ಮ ವಿಳಾಸ, ನಿಮ್ಮ ಮೊಬೈಲ್ ನಂಬರ್ ಹಾಕಿ ಹೊಸದು ಸೇರಿಸೋಣ. ಆದ್ರೆ ಹಳೇದು ಇರೋವರೆಗೆ ಅದು ಒಪ್ಪಲ್ಲ. ನೋಡಿ, ಕೇಳ್ತಿದೆ, ಹಳೇ ಜಾಗದಲ್ಲಿ ಅಂಗಡಿ ತೆರೆದಿದೆಯಾ, ತಾತ್ಕಾಲಿಕವಾಗಿ ಮುಚ್ಚಿದೆಯಾ, ಶಾಶ್ವತವಾಗಿ ಮುಚ್ಚಿದೆಯಾ?" ಎಂದು ಭಾಮೈದ ಫೋನನ್ನು ಅವನ ಮುಂದೆ ಇಟ್ಟು, ಜಾಣನಂತೆ ಬೇರೆ ಕಡೆ ನೋಡಿದ. "ನಾನೇನೂ ಹೇಳಲ್ಲಪ್ಪ. ನಿಮ್ಮಣ್ಣ, ನಿಮ್ಮಿಷ್ಟ."

ನಡುಮಧ್ಯಾಹ್ನ. ಬೀದಿಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದರು. ಚಿಕ್ಕ ರಿಪೇರಿ ಬಟ್ಟೆಯಿಂದ ಬೆರಳಿನ ಎಣ್ಣೆ ಒರೆಸಿಕೊಂಡ. ತೆರೆಗೆ ಕೊಳೆಯಾಗಬಾರದಲ್ಲ, ಅಷ್ಟು ಸೂಕ್ಷ್ಮ ಮನುಷ್ಯ! ಆಮೇಲೆ ಮೂರನೆಯದನ್ನು ಒತ್ತಿದ. ತಾನು ಮಾಡಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಗೆ ಹೇಳಲಿಲ್ಲ.

ಐದನೆಯ ದಿನ ಅಣ್ಣನ ಅಂಗಡಿಯ ಮೇಲೆ ಕೆಂಪು ಅಕ್ಷರ ಬಂತು: 'ಶಾಶ್ವತವಾಗಿ ಮುಚ್ಚಲಾಗಿದೆ'. ಕೆಳಗೇ ಇವನ ಅಂಗಡಿ, ಇವನ ನಂಬರು. ಮರುದಿನದಿಂದ ಮೆಟ್ಟಿಲ ಮೇಲೆ ಚೀಲಗಳು ಸಾಲಾಗಿ ಕೂರತೊಡಗಿದವು. ಊಟಕ್ಕೆ ಪುರುಸೊತ್ತಿಲ್ಲ. ನಿಜ ಹೇಳಬೇಕೆಂದರೆ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ, ಒಂದು ಮೆಷಿನ್ನೂ ಹಿಂದೆ ಬರಲಿಲ್ಲ. ಗೆದ್ದೆ ಅನ್ನಿಸಿತು. ಶಿಳ್ಳೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ಅಣ್ಣನಿಗೆ ಇದಾವುದೂ ಗೊತ್ತಿಲ್ಲ. ಅವನದು ಗುಂಡಿ ಒತ್ತುವ ಹಳೇ ಫೋನು. ಅಕ್ಕಪಕ್ಕದವರಿಗಾದರೋ, ಬಾಗಿಲು ತೆರೆದಿರುವುದು ಎದುರಿಗೇ ಕಾಣುವಾಗ ಅದು ತೆರೆದಿದೆಯೇ ಎಂದು ಫೋನಿನಲ್ಲಿ ನೋಡುವ ಹುಚ್ಚು ಯಾಕೆ ಹಿಡಿಯಬೇಕು?

ಒಂದು ಬೆಳಗ್ಗೆ ಅಮ್ಮ ಕರೆ ಮಾಡಿದಳು. "ಈ ಫೋನು ಕೆಟ್ಟಿದ್ಯೇನೋ ಬಂದು ನೋಡೋ. ಒಂಬತ್ತು ದಿನದಿಂದ ಒಂದೂ ಕರೆ ಇಲ್ಲ. ಮುಂದಿಂದು ಅಣ್ಣಂದು ಅಂತ ಬಾಬಿನ್ನು ಎಡಕ್ಕಿಟ್ಟಿದ್ದು ಹಾಗೇ ಇದೆ."

"ಕೆಟ್ಟಿರ್ಬೇಕಮ್ಮ. ಬರ್ತೀನಿ" ಎಂದ. ಕೆಟ್ಟ ಫೋನಿನಿಂದ ಅಮ್ಮ ಹೇಗೆ ಮಾತಾಡುತ್ತಿದ್ದಾಳೆ ಎಂದು ಅವಳೂ ಕೇಳಲಿಲ್ಲ, ಇವನೂ ಕೇಳಿಕೊಳ್ಳಲಿಲ್ಲ. ಹೋಗಲೂ ಇಲ್ಲ.

ಹೆಂಡತಿ ಒಂದು ದಿನ ದಾರ ತರಲು ಹೋದವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. "ನಿಮ್ಮಣ್ಣ ಖಾಲಿ ಬೆಂಚಿನ ಮೇಲೆ ಕೂತಿದ್ರು ರೀ. ಇರೋ ಸೂಜೀನೆಲ್ಲ ಒಂದೊಂದಾಗಿ ಒರೆಸ್ತಿದ್ರು. ಏನಾಯ್ತು ಅವರಿಗೆ?" ಅವನು ಮೆಷಿನ್ನಿನ ಹೊಟ್ಟೆಯೊಳಗೆ ಇನ್ನಷ್ಟು ಬಗ್ಗಿ, ಕೇಳಿಸದವನಂತೆ ಎಣ್ಣೆ ಬಿಟ್ಟ. ಬೇಕಾಗಿದ್ದಕ್ಕಿಂತ ಜಾಸ್ತಿಯೇ ಬಿಟ್ಟ.

ಕೆಂಪು ಅಕ್ಷರ ಬಂದ ಇಪ್ಪತ್ತಮೂರನೆಯ ದಿನ ಅಣ್ಣನೇ ಬಂದ.

ಮೆಟ್ಟಿಲ ಮೇಲಿದ್ದ ಚೀಲಗಳನ್ನು ದಾಟಿಕೊಂಡು, ಎರಡೂ ಕೈಯಲ್ಲಿ ಅಪ್ಪನ ಕಾಲದ ಸಲಕರಣೆ ಪೆಟ್ಟಿಗೆ ಹಿಡಿದು ಒಳಗೆ ಬಂದ. ಎಷ್ಟು ಸೊರಗಿದ್ದಾನೆ ಎಂದು ತಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದ. ಅಣ್ಣ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ರಿಪೇರಿಯಾಗಿದ್ದ ಒಂದು ಮೆಷಿನ್ನಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಕಿವಿ ಕೊಟ್ಟು ಕೇಳಿದ.

"ಚೆನ್ನಾಗಿದೆ. ನಿನ್ನ ಕೈ ಚೆನ್ನಾಗಿದೆ ಕಣೋ" ಎಂದ.

ಎಷ್ಟು ವರ್ಷ ಕಾದಿದ್ದ ಮಾತು! ತಮ್ಮನಿಗೆ ಅದು ಕಪಾಳಕ್ಕೆ ಬಿದ್ದ ಹಾಗಾಯಿತು.

"ಅವತ್ತು ಅಷ್ಟು ಜನರ ಮುಂದೆ ಹಾಗೆ ಅಂದಿದ್ದು ತಪ್ಪು. ಜನಕ್ಕೆ ಗೊತ್ತಾಗುತ್ತೆ ನೋಡು, ಯಾರ ಕೈ ಹೇಗಿದೆ ಅಂತ. ಮೂರು ವಾರದಿಂದ ನನ್ನ ಹತ್ರ ಒಬ್ರೂ ಬಂದಿಲ್ಲ. ಒಬ್ರೂ ಅಂದ್ರೆ ಒಬ್ರೂ. ನನ್ನ ಕಣ್ಣು ಮಂಜಾಗ್ತಿರೋದು ನನಗಿಂತ ಮೊದಲು ಅವರಿಗೇ ತಿಳೀತೇನೋ. ನಿನ್ನೆ ಅಂಗಡಿ ಖಾಲಿ ಮಾಡಿ ಬೀಗದ ಕೈ ಮಾಲೀಕರಿಗೆ ವಾಪಸ್ ಕೊಟ್ಟೆ."

"ಅಣ್ಣಾ, ನಾನೇ ಮುಚ್ಚಿಸಿದ್ದು" ಎಂದ ತಮ್ಮ. ಫೋನು ತೆಗೆದು ಕೆಂಪು ಅಕ್ಷರ ತೋರಿಸಿದ. "ನೋಡು, ಇಲ್ಲಿ. ನಿನ್ನ ಅಂಗಡಿ ಮುಚ್ಚಿದೆ ಅಂತ ನಾನೇ ಹಾಕಿದ್ದು. ನನ್ನ ಕೈಯಾರೆ ಒತ್ತಿದೆ. ಅದಕ್ಕೇ ಯಾರೂ ಬರ್ಲಿಲ್ಲ. ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ."

ಅಣ್ಣ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಆಮೇಲೆ ಮೆಲ್ಲಗೆ ನಕ್ಕು ಅದನ್ನು ತಮ್ಮನ ಕೈಗೇ ಕೊಟ್ಟ.

"ಫೋನಲ್ಲಿ ಮುಚ್ಚಿದ್ರೆ ಅಂಗಡಿ ಮುಚ್ಚುತ್ತೇನೋ? ದಿನಾ ಎಂಟು ಗಂಟೆಗೆ ಬಾಗಿಲು ತೆಗ್ದು ಕೂತಿದ್ದೆ. ಕಣ್ಣಿದ್ದೋರಿಗೆ ಕಾಣ್ತಿರ್ಲಿಲ್ವಾ? ನನ್ನ ಸಮಾಧಾನಕ್ಕೆ ಅಂತ ನಿನ್ನ ತಲೆ ಮೇಲೆ ಎಳ್ಕೊಬೇಡ. ಚಿಕ್ಕೋನಿದ್ದಾಗ್ಲೂ ನೀನು ಹೀಗೇ."

"ಇಲ್ಲಣ್ಣ, ದೇವರಾಣೆ, ನಾನೇ..."

"ಸಾಕು ಬಿಡೋ" ಎಂದು ಅಣ್ಣ ಅವನ ಬೆನ್ನು ಸವರಿದ. ಪೆಟ್ಟಿಗೆಯನ್ನು ಕಾಲಿನಿಂದ ಬೆಂಚಿನ ಕಡೆಗೆ ಸರಿಸಿ, ಬಾಗಿಲಿನತ್ತ ಒಮ್ಮೆ ನೋಡಿ, ಗಿರಾಕಿಗಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದ:

"ಮನೇಲಿ ಸುಮ್ನೆ ಕೂರೋಕಾಗಲ್ಲ ಕಣೋ. ಸೂಕ್ಷ್ಮದ ಕೆಲಸ ಕೊಡ್ಬೇಡ, ಒರೆಸೋದು, ಎಣ್ಣೆ ಹಾಕೋದು ಏನಿದ್ರೂ ಮಾಡ್ತೀನಿ. ನಾಳೆ ಎಷ್ಟು ಗಂಟೆಗೆ ಬರ್ಲಿ?"