ಸ್ಯಾಮುವೆಲ್ ಪೈಕನಿಗೆ ಅಗೆಲು

ಕುವೈತಿನ ರಾಯ್‌ನಲ್ಲಿ ಹಿತ್ತಾಳೆ ಫಲಕದ ಮೇಲೆ ಹೆಸರು ಕೆತ್ತುವವರು ಬೇಕಾದಷ್ಟು ಜನ ಇದ್ದರು. ಕೆತ್ತುತ್ತಾ ಕೆತ್ತುತ್ತಾ ಗಿರಾಕಿಯ ಮನೆವಾರ್ತೆಯನ್ನೆಲ್ಲ ಕೆದಕುವ ಚಟ ಮಾತ್ರ ಬೆಳ್ತಂಗಡಿ ಕಡೆಯ ಭೋಜನೊಬ್ಬನಿಗೇ. ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಪುಣ್ಯಾತ್ಮ. ಅಮೆರಿಕದವರು ಇರಾಕಿಗೆ ನುಗ್ಗಿದ ಮರುವರ್ಷ, ಜುಲೈ ತಿಂಗಳ ಸುಡುಬಿಸಿಲಲ್ಲಿ, ಬಹಳ ವರ್ಷದಿಂದ ಅಲ್ಲೇ ನೆಲೆಸಿದ್ದ ಮಿಸ್ ವೈಲೆಟ್ ಎಂಬ ವಯಸ್ಸಾದ ಇಂಗ್ಲಿಷ್ ಹೆಂಗಸು ಅವನಿಗೆ ಕೆಲಸ ತಂದರು.

ಇಂಗ್ಲೆಂಡಿನಲ್ಲಿ ಅವರ ಊರು ಥಾರ್ನ್‌ವೆಲ್. ಕುರಿ ಮೇಯುವ ಗುಡ್ಡ, ಒಂದಷ್ಟು ಕಲ್ಲಿನ ಮನೆ, ಒಂದು ಇಗರ್ಜಿ, ಬಾತುಕೋಳಿಗಳ ಕೆರೆ. ಯಾವುದೋ ರಾಜನ ಕಾಲದಲ್ಲಿ ಊರಿಗೆ ಬೆಂಕಿ ಬಿದ್ದಿತ್ತು, ಆಮೇಲೊಮ್ಮೆ ನೆರೆ ಬಂದು ಗಿರಣಿ ಕೊಚ್ಚಿಕೊಂಡು ಹೋಗಿತ್ತು, ಅದಾದ ಮೇಲೆ ಎರಡು ಮಹಾಯುದ್ಧ. ಊರಿನ ಚರಿತ್ರೆ ಅಂದರೆ ಇಷ್ಟೇ. ಯುದ್ಧಕ್ಕೆ ಹೋಗಿ ಸತ್ತವರ ಹೆಸರಿದ್ದ ಇಗರ್ಜಿಯ ಫಲಕವನ್ನು ಕಳ್ಳರು ಕಿತ್ತು ಗುಜರಿಗೆ ಮಾರಿದ್ದರು. ಕುವೈತಿನಲ್ಲಿ ಚೆನ್ನಾಗಿ ಮಾಡುತ್ತಾರೆ, ನಾನೇ ಮಾಡಿಸಿ ತರುತ್ತೇನೆ ಎಂದು ವೈಲೆಟ್ ಊರಿಗೆ ಮಾತು ಕೊಟ್ಟಿದ್ದರು.

ಫಲಕ ತಯಾರಾದ ದಿನ ಬಂದು ನೋಡಿದರು. ಚೆನ್ನಾಗಿದೆ ಎಂದರು. ಕೊನೆಯ ಹೆಸರಿನ ಕೆಳಗೆ ಉಳಿದಿದ್ದ ಜಾಗವನ್ನು ಬೆರಳಿನಿಂದ ಸವರುತ್ತಲೇ ಇದ್ದರು. ಭೋಜ ಬಿಡುತ್ತಾನೆಯೇ?

"ಏನಮ್ಮ, ಯಾರ ಹೆಸರಾದರೂ ಬಿಟ್ಟುಹೋಯಿತಾ?"

"ನನ್ನ ಅಪ್ಪ," ಎಂದರು ವೈಲೆಟ್.

ಸ್ಯಾಮುವೆಲ್ ಪೈಕ್ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬದುಕಿ ಬಂದವನು. ಬಂದ ಮೇಲೆ ನಿದ್ದೆ ಇಲ್ಲ, ಮಾತಿಲ್ಲ. ಮುಂದಿನ ಚಳಿಗಾಲದಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ಯುದ್ಧದಲ್ಲಿ ಸತ್ತವನಲ್ಲವಲ್ಲ, ಊರಿನವರು ಫಲಕಕ್ಕೆ ಸೇರಿಸಲಿಲ್ಲ. ಪ್ರತಿ ನವೆಂಬರಿನಲ್ಲಿ ಊರೆಲ್ಲ ನಿಂತು ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಈ ಸಲವಾದರೂ ಅಪ್ಪನನ್ನು ಸೇರಿಸಿ ಎಂದು ವೈಲೆಟ್ ಕೇಳಿಕೊಂಡಿದ್ದರು. ಸಮಿತಿ ಒಪ್ಪಲಿಲ್ಲ.

"ಸಮಿತಿಯ ಮನೆ ಹಾಳಾಗ!" ಭೋಜ ಉಳಿ ಕೈಗೆತ್ತಿಕೊಂಡ. "ಈಗಲೇ ಕೆತ್ತುತ್ತೇನೆ. ಯಾರು ಅಳಿಸುತ್ತಾರೆ ನೋಡುವ."

"ಬೇಡ ಭೋಜ. ಅವರು ಕೆಟ್ಟವರಲ್ಲ. ಅಪ್ಪ ಹೋದ ಚಳಿಗಾಲ ಪೂರ್ತಿ ನಮ್ಮ ಮನೆಗೆ ಹಾಲು, ಸೌದೆ ತಂದುಕೊಟ್ಟವರು ಅವರೇ. ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅಮ್ಮನೂ ಎತ್ತುತ್ತಿರಲಿಲ್ಲ." ಫಲಕಕ್ಕೆ ಬಟ್ಟೆ ಸುತ್ತಿಸಿಕೊಂಡು ಹೋದರು. ಭೋಜ ಉಳಿ ಕೆಳಗಿಟ್ಟ.

ಅದು ಆಟಿ ತಿಂಗಳು. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕಾಲ. ಭೋಜನ ಕಡೆಯವರು ಅದಕ್ಕೆ ಅಗೆಲು ಅನ್ನುತ್ತಾರೆ. ಖೈತಾನ್ ಬಡಾವಣೆಯ ಎರಡು ಕೋಣೆಯ ಮನೆಯಲ್ಲೂ ಹೆಂಡತಿ ಉಮಾವತಿ ಅದನ್ನು ತಪ್ಪಿಸಿದವಳಲ್ಲ. ಈ ಸಲ ಭೋಜ ವೈಲೆಟ್‌ರ ಅಪ್ಪನ ಕಥೆ ಹೇಳಿ, ಅವನಿಗೂ ಒಂದು ಎಲೆ ಹಾಕು ಎಂದಾಗ ಅವಳು ಸೌಟು ಕೆಳಗಿಟ್ಟಳು.

"ನಿಮಗೆ ತಲೆ ಸಮ ಉಂಟಾ ಮಾರಾಯ್ರೆ? ಜಾತಿ ಬೇರೆ, ದೇಶ ಬೇರೆ. ಅವನಿಗೆ ನಮ್ಮ ಕೋಳಿಸಾರು, ಕೋರಿ ರೊಟ್ಟಿ ಸೇರುತ್ತದಾ?"

"ಹಸಿದವನಿಗೆ ಎಲ್ಲ ಸೇರುತ್ತದೆ."

ಅವಳು ಇನ್ನೊಂದು ಎಲೆ ಒರೆಸಿದಳು. "ನೀವು ಕರೆದರೆ ಬರುತ್ತಾನಾ? ಅವನ ರಕ್ತದವರೇ ಕರೀಬೇಕು. ಆ ಅಮ್ಮನಿಗೆ ಫೋನ್ ಮಾಡಿ."

ಭೋಜ ಅಳುಕುತ್ತಲೇ ಫೋನ್ ಮಾಡಿದ. ಸತ್ತ ಅಪ್ಪನಿಗೆ ಊಟ ಅಂದರೆ ಬೈದಾರು ಅಂದುಕೊಂಡಿದ್ದ. ಅವರು ಅಗೆಲು ಅಂದರೆ ಏನೆಂದು ಬಿಡಿಸಿ ಕೇಳಿದರು. ಕೊನೆಗೆ, "ನಾನು ಏನು ತರಬೇಕು?" ಎಂದರು ವೈಲೆಟ್.

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು, ಕೈಯಲ್ಲಿ ಬೇಯಿಸಿದ ಆಲೂಗಡ್ಡೆ. ಉಮಾವತಿ ಅದನ್ನೂ ಕೋಳಿಸಾರಿನ ಪಕ್ಕ ಎಲೆಗೆ ಬಡಿಸಿ, ಮೂಲೆಯಲ್ಲಿ ಒಂದು ಲೋಟ ಚಹಾ ಇಟ್ಟಳು. ಭೋಜ ಮೊದಲು ತನ್ನ ಅಮ್ಮನನ್ನೂ ಮಾವನನ್ನೂ ಹೆಸರು ಹಿಡಿದು ಕರೆದ. ಆಮೇಲೆ, "ಇನ್ನು ನೀವು ಕರೀರಿ," ಎಂದ.

ವೈಲೆಟ್ ತುಟಿ ಅಲುಗಿಸಿದರು. ಏನೂ ಕೇಳಿಸಲಿಲ್ಲ.

"ಜೋರಾಗಿ ಕರೀರಿ ಅಮ್ಮ," ಉಮಾವತಿ ಬೆನ್ನು ಸವರಿದಳು. "ಎಷ್ಟು ದೂರದಿಂದ ಬರಬೇಕು ಅವರು!"

"ಸ್ಯಾಮುವೆಲ್ ಪೈಕ್," ಎಂದರು. ಮತ್ತೊಮ್ಮೆ ಅಂದರು. ಮೂರನೆಯ ಸಲ ಏನಾಯಿತೋ, ಗಂಟಲೇ ಹರಿಯುವ ಹಾಗೆ, "ಡ್ಯಾಡೀ! ಊಟಕ್ಕೆ ಬಾ! ಎಲ್ಲ ಬಡಿಸಿ ಆಗಿದೆ!" ಎಂದು ಕೂಗಿಬಿಟ್ಟರು. ಭೋಜನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಬಾಗಿಲೆಳೆದುಕೊಂಡು ಮೂವರೂ ಹೊರಗೆ ನಿಂತರು. ಎದುರುಮನೆಯ ಅಲೀಮಮ್ಮ ಗಾಬರಿಯಿಂದ ಓಡಿಬಂದಳು. "ಯಾ ಅಲ್ಲಾ, ಏನಾಯ್ತು ಭೋಜಣ್ಣ? ಯಾರು ಕೂಗಿದ್ದು?"

ಭೋಜ ಬಾಯಿ ತೆರೆಯುವ ಮೊದಲೇ ವೈಲೆಟ್ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತರು.

"ನಾನೇ," ಎಂದರು. "ನನ್ನ ಅಪ್ಪ ಒಳಗೆ ಊಟ ಮಾಡುತ್ತಿದ್ದಾರೆ."